ಗಾಳಿ ಬಂದರೆ ಮಾತಾಡುವ ಬಾಗಿಲು

ನಮ್ಮೂರಿನಲ್ಲಿ ಏನನ್ನಾದರೂ ಕಟ್ಟಿ ತೂಗುಹಾಕುವ ಮುಂಚೆ ಬಾಯಿಗೆ ಒಂದು ಗುಟುಕು ನೀರು ತುಂಬಿಕೊಳ್ಳುತ್ತಾರೆ. ಬಟ್ಟೆ ಒಣಹಾಕುವ ಹಗ್ಗವಿರಲಿ, ಮಗುವಿನ ತೊಟ್ಟಿಲಿರಲಿ, ಬಾಗಿಲ ತೋರಣವಿರಲಿ, ಗಂಟು ಬಿಗಿದು ಕೈ ಬಿಡುವ ತನಕ ಆ ನೀರನ್ನು ನುಂಗುವಂತಿಲ್ಲ, ಉಗಿಯುವಂತಿಲ್ಲ. ಹಬ್ಬದ ಹಿಂದಿನ ದಿನ ಪರಸ್ಥಳದವರು ಯಾರಾದರೂ ಬಂದರೆ, ಊರಿಗೆ ಊರೇ ಹಲ್ಲುನೋವಿನಿಂದ ಕೆನ್ನೆ ಊದಿಸಿಕೊಂಡಿದೆ ಅಂದುಕೊಳ್ಳುತ್ತಾರೆ. ಕಾರಣ ಇಷ್ಟೆ. ಇಲ್ಲಿ ಗಂಟು ಬಿಗಿಯುವಾಗ ಆಡಿದ ಮಾತು ಆ ಗಂಟಿನಲ್ಲೇ ಕೂತುಬಿಡುತ್ತದೆ. ಆಮೇಲೆ ಗಾಳಿ ಬಂದಾಗಲೆಲ್ಲ, ಆಡಿದವರದೇ ದನಿಯಲ್ಲಿ, ಅದನ್ನೇ ಆಡುತ್ತಿರುತ್ತದೆ.

ದೇವಸ್ಥಾನದ ದೊಡ್ಡ ಗಂಟೆ ಕಟ್ಟುವಾಗ ಈಗಿನ ಅರ್ಚಕರ ಮುತ್ತಾತ "ಅಯ್ಯೋ ನನ್ನ ಮಂಡಿ" ಅಂದುಬಿಟ್ಟರಂತೆ. ಇವತ್ತಿಗೂ ಗಾಳಿ ಬೀಸಿದರೆ ಗರ್ಭಗುಡಿಯ ಎದುರು "ಅಯ್ಯೋ ನನ್ನ ಮಂಡಿ" ಅಂತ ಕೇಳುತ್ತದೆ, ಭಕ್ತಾದಿಗಳು ಕೈಮುಗಿದು ಮಂಡಿ ಮುಟ್ಟಿಕೊಳ್ಳುತ್ತಾರೆ. ತಾಳಿ ಕಟ್ಟುವಾಗ ಗಟ್ಟಿಮೇಳ ಬಾರಿಸುವುದು ಬೇರೆ ಊರುಗಳಲ್ಲಿ ಶಾಸ್ತ್ರಕ್ಕೆ, ನಮ್ಮಲ್ಲಿ ಮುಂಜಾಗ್ರತೆಗೆ. ಮದುಮಗ ಏನಾದರೂ ಗೊಣಗಿದರೆ ಗದ್ದಲದಲ್ಲಿ ಮುಚ್ಚಿಹೋಗಲಿ ಅಂತ. ಅಷ್ಟು ಮಾಡಿದರೂ ನಮ್ಮ ಅಂಚೆ ಮಾಸ್ತರರ ಹೆಂಡತಿ ಫ್ಯಾನಿನ ಕೆಳಗೆ ಕೂತರೆ ಅವರ ತಾಳಿ "ಅಬ್ಬಾ, ಏನು ಸೆಕೆ" ಅನ್ನುತ್ತದೆ. ಪಾಪ, ಆಕೆ ಎಂಥ ಬೇಸಿಗೆಯಲ್ಲೂ ಫ್ಯಾನ್ ಹಾಕುವುದಿಲ್ಲ.

ಇನ್ನೊಂದು ಮಾತು. ಕಟ್ಟಿದ ಕೈಯೇ ಬಿಚ್ಚಬೇಕು. ಬೇರೆ ಯಾರಾದರೂ ಕತ್ತರಿ ಹಾಕಿದರೆ ಮಾತು ದಾರ ಬಿಟ್ಟು ಗೋಡೆ ಹತ್ತುತ್ತದೆ, ಮತ್ತೆ ಗಾಳಿ ಇಲ್ಲದಿದ್ದರೂ ಮಾತಾಡುತ್ತದೆ. ಹಾಗೆ ಆತುರಪಟ್ಟು ಕತ್ತರಿಸಿದ ಒಂದು ಮನೆ ಕೆರೆಯ ಆಚೆ ದಂಡೆಯಲ್ಲಿದೆ. ಅಲ್ಲಿ ಯಾರೂ ಬಾಡಿಗೆಗೆ ನಿಲ್ಲುವುದಿಲ್ಲ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ನನ್ನ ಮನೆಯ ತಲೆಬಾಗಿಲಲ್ಲಿ ಒಂದು ದಾರವಿತ್ತು. ಗೃಹಪ್ರವೇಶದ ದಿನ ಕಟ್ಟಿದ ತೋರಣದ ದಾರ. ಮಾವಿನೆಲೆ ಯಾವತ್ತೋ ಪುಡಿಯಾಗಿ ಉದುರಿ, ದಾರ ಕಪ್ಪಾಗಿ, ಗಂಟು ಮಾತ್ರ ಗಟ್ಟಿಯಾಗಿ ಉಳಿದಿತ್ತು. ಗಾಳಿ ಬಂದರೆ ಅದು ಹೇಳುತ್ತಿತ್ತು: "ತುಂಗನ ಹೋಳಿಗೆ ಚಪ್ಪಲಿ ಹಾಗಿದೆ."

ತುಂಗ ಅಂದರೆ ನಾನು, ತುಂಗಮ್ಮ. ಹೇಳಿದವಳು ಎದುರುಮನೆಯ ಪಂಕಜ. ಅವಳೇನು ಹಗೆಯವಳಲ್ಲ, ನನ್ನ ಪ್ರಾಣದ ಗೆಳತಿ. ಚಿಕ್ಕಂದಿನಿಂದ ನಾವಿಬ್ಬರೂ ಸೇರಿದರೇ ಒಂದು ಹೋಳಿಗೆ ಆಗುತ್ತಿತ್ತು. ಮೇಲಿನ ಹಿಟ್ಟು, ಅಂದರೆ ಕಣಕ, ಅವಳದು. ಒಳಗಿನ ಹೂರಣ ನನ್ನದು. ಗೃಹಪ್ರವೇಶದ ದಿನ ಅವಳು ತೋರಣ ಕಟ್ಟಲು ಸ್ಟೂಲು ಹತ್ತಿದ್ದರಿಂದ ಕಣಕವನ್ನೂ ನಾನೇ ಕಲಸಿದೆ. ಯಾರೋ ಒಂದು ಹೋಳಿಗೆಯನ್ನು ಅವಳ ಕೈಗೆ ಕೊಟ್ಟರು. ಅವಳು ಬಾಯಲ್ಲಿದ್ದ ನೀರು ನುಂಗಿ, ಹೋಳಿಗೆ ಕಚ್ಚಿ, ಗಂಟು ಬಿಗಿಯುತ್ತಲೇ ಆ ಮಾತು ಆಡಿದಳು. ಆ ದಿನ ಗಾಳಿಯೋ ಗಾಳಿ. ಬಂದ ನೆಂಟರೆಲ್ಲ ಹೊಸ್ತಿಲು ದಾಟುವಾಗ ಅದನ್ನು ಕೇಳಿಕೊಂಡೇ ಒಳಗೆ ಬಂದರು, ಎಲೆಯ ಮುಂದೆ ಕೂತು ಹೋಳಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ನನಗೆ ಭೂಮಿ ಬಾಯಿಬಿಟ್ಟರೆ ಒಳಗೆ ಹೋಗೋಣ ಅನ್ನಿಸಿತು.

ಅವಳು ಬಂದು ಬಿಚ್ಚಲಿ ಅಂತ ನಾನು, ನಾನು ಕರೆಯಲಿ ಅಂತ ಅವಳು. ಹೀಗೇ ನಮ್ಮ ತಲೆಗೂದಲು ಬೆಳ್ಳಗಾದವು. ದಾರಕ್ಕೆ ಬಟ್ಟೆ ಸುತ್ತಿ ನೋಡಿದೆ. ಮಾತು ಅಸ್ಪಷ್ಟವಾಯಿತು, ಜನ ಹತ್ತಿರ ಬಂದು ಕಿವಿಯಿಟ್ಟು ಕೇಳತೊಡಗಿದರು. ಬಟ್ಟೆ ತೆಗೆದೆ. ಕಡೆಗೆ ತಲೆಬಾಗಿಲಿಗೆ ಅಗಳಿ ಹಾಕಿ ಹಿತ್ತಿಲ ಬಾಗಿಲಿಂದಲೇ ಸಂಸಾರ ಮಾಡಿದೆ. ಊರಿನ ಶುಭಕಾರ್ಯಗಳಿಗೆ ನನ್ನ ಹೋಳಿಗೆ ಹಿತ್ತಿಲಿಂದಲೇ ಹೋಗುತ್ತಿತ್ತು. ನನ್ನ ಕಾವಲಿಯ ನಡುವೆ ಒಂದು ತಗ್ಗಿದೆ, ಆದ್ದರಿಂದ ಪ್ರತಿ ಹೋಳಿಗೆಯ ಬೆನ್ನ ಮೇಲೂ ಅರ್ಧಚಂದ್ರದಂಥ ಕಪ್ಪು ಮಚ್ಚೆ ಬೀಳುತ್ತದೆ. ಅದು ನನ್ನ ಮುದ್ರೆ. ಜನ ಆ ಹೋಳಿಗೆಯನ್ನು ಹಾಲಿನಲ್ಲಿ ಚೆನ್ನಾಗಿ ನೆನೆಸಿ ತಿನ್ನುತ್ತಿದ್ದರು, ಅದು ಅವರ ರುಚಿ ಎಂದೇ ನಾನು ತಿಳಿದಿದ್ದೆ. ನಮ್ಮ ಮನೆಯವರಂತೂ ಧ್ಯಾನಕ್ಕೆ ಕೂತಂತೆ ಕಣ್ಣುಮುಚ್ಚಿ ನಿಧಾನಕ್ಕೆ ಅಗಿಯುತ್ತಿದ್ದರು. ಗಂಡಸು ಹೆಂಡತಿಯ ಅಡುಗೆಯನ್ನು ಇಷ್ಟು ಸವಿಯುವುದುಂಟೆ ಎಂದು ನನಗೆ ಒಳಗೊಳಗೇ ಹೆಮ್ಮೆ.

ಈ ಬೇಸಿಗೆಯಲ್ಲಿ ಎರಡೂ ಕಡೆಯಿಂದ ಪೆಟ್ಟು ಬಿತ್ತು. ಗಡಿಯಾರ ರಿಪೇರಿ ಮಾಡುತ್ತಿದ್ದ ನಮ್ಮ ಮನೆಯವರಿಗೆ ಕಣ್ಣು ಮಂಜಾಗಿ ಅಂಗಡಿ ಬಿಡಬೇಕಾಯಿತು. ಹಿಂದಿನ ಮನೆಯವರು ಕಾಂಪೌಂಡು ಏರಿಸಿದ್ದರಿಂದ ನಮ್ಮ ಹಿತ್ತಿಲ ದಾರಿ ಮುಚ್ಚಿತು. ಇನ್ನು ಸಂಸಾರ ನಡೆಯಬೇಕಾದದ್ದು ನನ್ನ ಕಾವಲಿಯ ಮೇಲೆ, ಹೋಳಿಗೆ ಮಾರಬೇಕಾದದ್ದು ತಲೆಬಾಗಿಲ ಜಗುಲಿಯಿಂದ. ಮೇಲೆ ಬಾಗಿಲು ನಿಂತು ಸಾರುತ್ತಿದೆ, ತುಂಗನ ಹೋಳಿಗೆ ಚಪ್ಪಲಿ ಹಾಗಿದೆ ಅಂತ. ಅಂಗಡಿ ಇಟ್ಟ ದಿನವೇ ಬಾಗಿಲು ಹಾಕಿದ ಹಾಗೆ.

"ಹೋಗಿ ಪಂಕಜಮ್ಮನ್ನ ಕರಿಯೇ, ಬಂದು ಬಿಚ್ಚಲಿ" ಅಂದರು ಮನೆಯವರು.

"ನನ್ನ ಹೆಣ ಹೋಗತ್ತೆ ಕರೆಯೋಕೆ" ಅಂದೆ.

ಆಗ ನನಗೊಂದು ಉಪಾಯ ಹೊಳೆಯಿತು. ಆ ಒಂದು ಮಾತನ್ನು ತೆಗೆಯಲಾಗದಿದ್ದರೆ ಅದರ ಸುತ್ತ ನೂರು ಮಾತು ತೂಗುಹಾಕಿದರಾಯಿತು. ಮನೆಯ ಮುಂದೆ ನನ್ನ ಕೈತೋಟವಿದೆ. ಒಂದು ನುಗ್ಗೆ, ಒಂದು ಪಾರಿಜಾತ, ದಾಸವಾಳದ ಸಾಲು. ಅಲ್ಲೆಲ್ಲ ತೂಗುವ ಅಲಂಕಾರಗಳನ್ನು ಕಟ್ಟಿ, ಗಾಳಿ ಬಂದರೆ ತೋಟಕ್ಕೆ ತೋಟವೇ ನನ್ನ ಹೋಳಿಗೆಯನ್ನು ಹೊಗಳುವಂತೆ ಮಾಡಬೇಕು. ದೊಡ್ಡವರು ಯಾರೂ ಇದಕ್ಕೆ ಒಪ್ಪುವುದಿಲ್ಲ. ನಮ್ಮೂರಿನ ದೊಡ್ಡವರು ದಾರ ಕಂಡರೇ ತುಟಿ ಹೊಲಿದುಕೊಳ್ಳುತ್ತಾರೆ. ಉಳಿದವರು ಮಕ್ಕಳು. ಮಕ್ಕಳ ಕೈಗೆ ದಾರ ಕೊಡಬಾರದು ಅನ್ನುವುದು ಇಲ್ಲಿ ಹಾಲುಗಲ್ಲದ ಮಕ್ಕಳಿಗೂ ಗೊತ್ತಿರುವ ಕಟ್ಟಳೆ. ಗೊತ್ತಿರುವುದರಿಂದಲೇ, ನಾನು ಬೇಸಿಗೆ ರಜದ ಒಂದು ಬೆಳಿಗ್ಗೆ ದಾರದ ಉಂಡೆ ಹಿಡಿದು, ಮನೆಯ ಪಕ್ಕದ ಸಂದಿಯಿಂದ ಬಳಸಿ ಬಂದು ಗೇಟಿನ ಬಳಿ ನಿಂತ ಕೂಡಲೇ ಬೀದಿಯ ಮಕ್ಕಳೆಲ್ಲ ಓಡಿಬಂದವು.

ಮುಂದಾಳು ಅಚಲ, ಪಂಕಜಳ ಮೊಮ್ಮಗಳು. ಅಚಲ ಎಂದು ಹೆಸರಿಟ್ಟಿದ್ದಾರೆ, ಒಂದು ಗಳಿಗೆ ನಿಂತ ಕಡೆ ನಿಲ್ಲುವುದಿಲ್ಲ. ಅವಳನ್ನು ಸೇರಿಸಬೇಕೋ ಬೇಡವೋ ಎಂದು ನಾನು ಯೋಚಿಸುವಷ್ಟರಲ್ಲಿ ಅವಳು ನುಗ್ಗೆಮರದ ಮೇಲಿದ್ದಳು. ಜೊತೆಗೆ ಹಾಸಿಗೆ ಹೊಲಿಯುವವರ ಮನೆಯ ನಸೀಮಾ, ಮಾತು ಕಡಿಮೆ, ಕೈ ಬಲು ಚೊಕ್ಕ. ಮತ್ತೆ ಗುಂಡ, ಅವನಿಗೆ ಕೈಯೂ ಸುಮ್ಮನಿರದು, ಬಾಯಿಯೂ. ಉಳಿದವು ಇವರ ಬಾಲಗಳು.

ಒಡೆದ ತೆಂಗಿನ ಚಿಪ್ಪುಗಳಿಗೆ ಕಾಸಿದ ಮೊಳೆಯಿಂದ ನಾನೇ ತೂತು ಕೊರೆದುಕೊಟ್ಟೆ. ಚಿಪ್ಪಿನೊಳಗೆ ಒಂದು ಹಿಡಿ ಮಣ್ಣು, ಒಂದು ದೊಡ್ಡಪತ್ರೆ ಕಡ್ಡಿ, ಮೂರು ಕಡೆಯಿಂದ ದಾರ ಎತ್ತಿ ಮೇಲೊಂದು ಗಂಟು. ಸೋಡಾ ಬಾಟಲಿಯ ಮುಚ್ಚಳಗಳನ್ನು ಕಲ್ಲಿನಿಂದ ಚಪ್ಪಟೆ ಮಾಡಿ ಒಂದರ ಕೆಳಗೊಂದು ಪೋಣಿಸಿದರೆ ಗಾಳಿಗೆ ಕಿಣಿಕಿಣಿ ಅನ್ನುತ್ತವೆ. ಬಳೆಚೂರು, ಹಳೆ ಚಮಚ, ಕೊಡೆಯ ಕಡ್ಡಿ, ಯಾವುದೂ ನಮಗೆ ಕಸವಲ್ಲ. ಮಕ್ಕಳು ಇಷ್ಟನ್ನು ಚಿಟಿಕೆ ಹೊಡೆಯುವುದರಲ್ಲಿ ಕಲಿತವು. ಕಷ್ಟವಾದದ್ದು ಗಂಟಿನ ಕೆಲಸ.

"ಅತ್ತೆ, ನೀರು ಬೇಡ್ವಾ?" ಎಂದು ಕೇಳಿದಳು ನಸೀಮಾ.

"ಬೇಡ. ಗಂಟು ಬಿಗಿಯುವಾಗ ಎಲ್ಲರೂ ಬಾಯಿಬಿಟ್ಟು ಹೇಳಿ, 'ತುಂಗತ್ತೆ ಹೋಳಿಗೆ ತುಂಬಾ ಚೆನ್ನಾಗಿದೆ' ಅಂತ. ಅಷ್ಟೇ. ಆಮೇಲೆ ಒಬ್ಬೊಬ್ಬರಿಗೂ ಒಂದೊಂದು ಹೋಳಿಗೆ."

ಮೊದಲ ಗಂಟು ನಸೀಮಾಳದು. ಗಾಳಿ ಬಂತು, ಚಿಪ್ಪು ತೂಗಿತು, ಬಲು ವಿನಯದ ದನಿಯಲ್ಲಿ ನುಡಿಯಿತು: "ತುಂಗತ್ತೆ ಹೋಳಿಗೆ ತುಂಬಾ ಚೆನ್ನಾಗಿದೆ ಅಂತ ಹೇಳ್ಬೇಕಂತೆ."

"'ಹೇಳ್ಬೇಕಂತೆ' ಬೇಡ ಕಣಮ್ಮ!"

"ಮತ್ತೆ ಸುಳ್ಳಾಗತ್ತಲ್ಲ ಅತ್ತೆ. ನಾನಿನ್ನೂ ತಿಂದೇ ಇಲ್ಲ."

ಎರಡನೆಯದು ಗುಂಡನದು. ಅವನ ಮುಚ್ಚಳದ ಸರ ಚೆನ್ನಾಗಿಯೇ ಶುರುವಾಯಿತು: "ತುಂಗತ್ತೆ ಹೋಳಿಗೆ ಏಯ್ ಕೊಡೇ ನನ್ನ ಮುಚ್ಚಳ, ಕೋತಿ!" ಅದನ್ನು ಬಿಚ್ಚಿಸಿ ಮತ್ತೆ ಕಟ್ಟಿಸಿದರೆ ಅವನಿಗೆ ಸೀನು ಬಂತು. ಮೂರನೆಯ ಸಲ ಅದು, "ನಮ್ಮಪ್ಪ ಗೊರಕೆ ಹೊಡೆದ್ರೆ ನಮ್ಮನೆ ಬೆಕ್ಕು ಅಟ್ಟ ಹತ್ತತ್ತೆ" ಎಂದು ಬೀದಿಗೆಲ್ಲ ಕೇಳುವಂತೆ ಸಾರಿತು. ಯಾಕೋ ಹಾಗಂದೆ ಎಂದು ಕೇಳಿದರೆ, ನೆನಪಾಯಿತು ಅದಕ್ಕೆ ಅಂದ. ಮಧ್ಯಾಹ್ನವಾಗುವ ಹೊತ್ತಿಗೆ ಅವನ ಅಮ್ಮ, ಮತ್ತಿಬ್ಬರು ಅಮ್ಮಂದಿರು ಗೇಟಿಗೆ ಬಂದು ನಿಂತು, ನಮ್ಮ ಮನೆ ಮಾನ ಹರಾಜು ಹಾಕಬೇಡಿ ತುಂಗಮ್ಮ ಎಂದು ಕೈಮುಗಿದರು. ಒಂದೊಂದು ತಟ್ಟೆ ಹೂರಣ ಕೊಟ್ಟು ಕಳಿಸಿದೆ.

ಅಷ್ಟರಲ್ಲಿ ಮಕ್ಕಳಿಗೆ ವ್ಯಾಪಾರದ ಗುಟ್ಟು ತಿಳಿದುಹೋಗಿತ್ತು. ಕಟ್ಟಿದ ಕೈಯೇ ಬಿಚ್ಚಬೇಕಷ್ಟೆ?

"ಬಿಚ್ಚಿ ಕಟ್ಟೋದಕ್ಕೆ ಬೇರೆ ಹೋಳಿಗೆ" ಎಂದು ಅಚಲ ಮರದ ಮೇಲಿಂದಲೇ ಕಾನೂನು ಮಾಡಿದಳು. "ಕಟ್ಟೋದಕ್ಕೊಂದು, ಬಿಚ್ಚೋದಕ್ಕೊಂದು."

"ಹೊಟ್ಟೆ ಒಡೆಯತ್ತೆ ಕಣ್ರೋ."

"ನಮ್ಮ ಹೊಟ್ಟೆ ವಿಷಯ ನಮಗೆ ಬಿಡಿ ಅತ್ತೆ."

ಆ ಮೇಲೆ ತಪ್ಪಿಲ್ಲದೆ ಕಟ್ಟಿದ ಗಂಟು ಒಂದಾದರೂ ಇದ್ದರೆ ಕೇಳಿ! ಒಂದು ಚಿಪ್ಪು ಹಾಡಿತು, ಒಂದು ಬೈದಿತು, ಒಂದು ಮಗ್ಗಿ ಹೇಳಲು ಹೋಗಿ ನಡುವೆ ನಿಂತಿತು. ನಾನು ಬೆಳಿಗ್ಗೆ ಎದ್ದರೆ ಬೇಳೆ ಬೇಯಿಸುವುದು, ಬೆಲ್ಲ ಕುಟ್ಟುವುದು, ಬೇಯಿಸಿ ಬೇಯಿಸಿ ಈ ಕೋತಿಸೈನ್ಯಕ್ಕೆ ಹಾಕುವುದು. ಮಕ್ಕಳು ಹೋಳಿಗೆಯನ್ನು ನನ್ನೆದುರು ತಿನ್ನುತ್ತಿರಲಿಲ್ಲ. ದಾಸವಾಳದ ಮರೆಗೆ ಒಯ್ದು ಕೂರುತ್ತಿದ್ದವು, ಸ್ವಲ್ಪ ಹೊತ್ತಿನಲ್ಲೇ ಬಾಯೊರೆಸಿಕೊಂಡು ಇನ್ನೊಂದಕ್ಕೆ ಬರುತ್ತಿದ್ದವು. ಹಾಲಿಲ್ಲದೆಯೇ ತಿನ್ನುತ್ತವಲ್ಲ, ಎಂಥ ರುಚಿ ಬಲ್ಲ ಮಕ್ಕಳು ಎಂದು ನಾನು ಉಬ್ಬಿಹೋದೆ. ಉಬ್ಬಿದ್ದಕ್ಕೆ ಈಗ ನಗು ಬರುತ್ತದೆ.

ಅಂಗಡಿ ತೆರೆಯುವ ದಿನ ಹತ್ತಿರ ಬಂದಾಗ ಮಕ್ಕಳು ಹೊಸ ಥರದ ಅಲಂಕಾರ ತಂದವು. ದುಂಡನೆಯ ಬಿಲ್ಲೆಗಳು. ಅರಿಶಿನ, ಕುಂಕುಮ, ಬಳಪದ ಪುಡಿ ಬಳಿದು, ಅಂಚಿಗೆ ತೂತು ಮಾಡಿ, ಸಾಲಾಗಿ ದಾರ ಕಟ್ಟಿದ್ದವು. ಪಾರಿಜಾತದ ಕೊಂಬೆಗೆ ಹಾಕಿದರೆ ಒಂದಕ್ಕೊಂದು ತಾಗಿ ಟಕಟಕ ಅನ್ನುತ್ತಿದ್ದವು. ನಾನು ಒಂದನ್ನು ಬಗ್ಗಿಸಿ ನೋಡಿದೆ. ಬಗ್ಗುತ್ತದೆ, ಮುರಿಯುವುದಿಲ್ಲ.

"ಇದೇನ್ರೋ, ರಟ್ಟೋ ಚರ್ಮವೋ?"

"ಅದು ಗುಟ್ಟು ಅತ್ತೆ" ಎಂದಳು ಅಚಲ. "ನೀರಲ್ಲಿ ಹಾಕಿ ನೋಡಿದ್ವಿ, ಏನೂ ಆಗಲ್ಲ. ನಾಯಿ ಕಚ್ಚಿದ್ರೂ ಏನೂ ಆಗಲ್ಲ."

"ಅರ್ಧಚಂದ್ರ ಬೇರೆ ಬರೆದಿದೀರಲ್ಲ! ಎಷ್ಟು ಚೆನ್ನಾಗಿದೆ!" ಎಂದು ನಾನು ಬಾಯಿತುಂಬ ಹೊಗಳಿದೆ. ಗುಂಡ ನೆಲಕ್ಕೆ ಬಿದ್ದು ಹೊರಳಾಡಿ ನಕ್ಕ. ನಸೀಮಾ ಮಾತ್ರ ತಲೆ ತಗ್ಗಿಸಿ, "ಅತ್ತೆ, ನಮ್ಮನ್ನ ಬೈಬಾರದು" ಅಂದಳು. ಯಾಕೆ ಬೈಯಲಿ ಕಂದ ಅಂದೆ.

ಅಂಗಡಿಯ ದಿನ ಬೆಳಿಗ್ಗೆ ಜಗುಲಿ ತೊಳೆದು ರಂಗೋಲಿ ಹಾಕಿದೆ. ತಲೆಬಾಗಿಲ ಅಗಳಿ ತೆಗೆಯಲು ನಮ್ಮ ಮನೆಯವರು ಸುತ್ತಿಗೆ ತರಬೇಕಾಯಿತು, ಅಷ್ಟು ತುಕ್ಕು. ಬುಟ್ಟಿಗಳಲ್ಲಿ ಹಿಂದಿನ ದಿನವೇ ಬೇಯಿಸಿಟ್ಟ ಹೋಳಿಗೆ, ಪಕ್ಕದ ಕೊಳಗದಲ್ಲಿ ಇನ್ನೂ ಬೇಯಿಸಲು ಹೂರಣ. ಊರಿನ ಅರ್ಧ ಜನ ಬಂದಿದ್ದರು. ತಿನ್ನಲು ಬಂದವರೆಷ್ಟೋ, ಬಾಗಿಲ ಮಾತು ಕೇಳಲು ಬಂದವರೆಷ್ಟೋ. ಅಂಚೆ ಮಾಸ್ತರರು ಜೊತೆಗೆ ಒಂದು ಚೊಂಬು ಹಾಲು ತಂದಿದ್ದರು. ಎದುರುಮನೆಯ ಕಿಟಕಿಯ ಒಂದು ರೆಕ್ಕೆ ಅರ್ಧ ತೆರೆದಿತ್ತು. ನಾನು ಆ ಕಡೆ ನೋಡಲಿಲ್ಲ. ನೋಡಲಿಲ್ಲ ಅಂದರೆ, ನೋಡಿದ್ದು ಗೊತ್ತಾಗದಂತೆ ನೋಡಿದೆ.

ಅರ್ಚಕರು ಕಾಯಿ ಒಡೆದರು, ಗಾಳಿ ಎದ್ದಿತು. ಬಾಗಿಲು ತನ್ನ ಹಳೆಯ ಪಾಠ ಶುರುಮಾಡಿತು, ಆದರೆ ಎರಡನೆಯ ಪದ ಮುಗಿಯುವಷ್ಟರಲ್ಲಿ ತೋಟ ಎದ್ದು ಕೂತಿತು. "ಅಂತ ಹೇಳ್ಬೇಕಂತೆ, ಹೇಳ್ಬೇಕಂತೆ" ಎಂದು ಚಿಪ್ಪುಗಳು, "ಕೊಡೇ ಕೋತಿ" ಎಂದು ಮುಚ್ಚಳಗಳು, ಸೀನು, ಮಗ್ಗಿ, ಗೊರಕೆಯ ಸುದ್ದಿ. ಗುಂಡನ ಅಪ್ಪ ಅಲ್ಲೇ ಇದ್ದವರು ಟವೆಲಿನಿಂದ ಮುಖ ಒರೆಸಿಕೊಂಡರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಚಪ್ಪಲಿಯ ಮಾತು ಯಾರ ಕಿವಿಗೂ ಬೀಳಲಿಲ್ಲ. ಗೆದ್ದೆ ಅಂದುಕೊಂಡೆ. ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡು ಬುಟ್ಟಿಗೆ ಕೈಹಾಕಿದೆ.

ಆಗ ಗಾಳಿ ಇಳಿಯಿತು. ಒಂದೊಂದಾಗಿ ಎಲ್ಲ ಸುಮ್ಮನಾದವು. ಪಾರಿಜಾತದ ತುದಿಯಲ್ಲಿದ್ದ ಒಂದು ಬಿಲ್ಲೆ ಮಾತ್ರ ತನ್ನಷ್ಟಕ್ಕೆ ಗಿರಗಿರ ತಿರುಗುತ್ತಿತ್ತು. ಅದು ಬಾಯಿಬಿಟ್ಟಿತು. ಬಾಗಿಲಲ್ಲಿದ್ದ ಎಳೆಯ ದನಿಯಲ್ಲ, ಅದೇ ದನಿ ಮಾಗಿ ಒಡೆದದ್ದು.

"ಕಣಕ ಈಗ್ಲೂ ಚಪ್ಪಲೀನೇ ಕಣೇ. ಹೂರಣ ಮಾತ್ರ... ಅಯ್ಯೋ ನಮ್ಮಮ್ಮ. ಇನ್ನೊಂದು ಕೊಡು. ಅವಳಿಗೆ ಹೇಳ್ಬೇಡ."

ಬೀದಿಗೆ ಬೀದಿಯೇ ಪಾರಿಜಾತದ ಕಡೆ ತಿರುಗಿತು. ಬಿಲ್ಲೆ ಇನ್ನೊಂದು ಸುತ್ತು ತಿರುಗಿ ಮತ್ತೆ ಹೇಳಿತು, ಅವಳಿಗೆ ಹೇಳ್ಬೇಡ. ಎದುರುಮನೆಯ ಕಿಟಕಿ ಪಟ್ಟನೆ ಮುಚ್ಚಿತು.

ನನ್ನ ಕೈ ಬುಟ್ಟಿಯಲ್ಲೇ ಇತ್ತು. ಕೈಗೆ ತಾಗಿದ ಹೋಳಿಗೆಯನ್ನು ಎತ್ತಿ ನೋಡಿದೆ, ಅರ್ಧಚಂದ್ರ. ತಿರುಗುತ್ತಿದ್ದ ಬಿಲ್ಲೆಯನ್ನು ನೋಡಿದೆ, ಅರ್ಧಚಂದ್ರ. ಕುಂಕುಮ ಬಳಿದಿದ್ದರೂ ನನ್ನ ಕಾವಲಿಯ ಮಚ್ಚೆ ನನಗೆ ಗೊತ್ತಾಗದೆ? ಈ ಹುಡುಗರು ದಾಸವಾಳದ ಮರೆಯಲ್ಲಿ ಹೋಳಿಗೆಯ ಹೊಟ್ಟೆ ಬಗೆದು ಹೂರಣ ಕೆರೆದು ತಿಂದು, ಮೇಲಿನ ಕಣಕವನ್ನು ಬಿಸಿಲಿಗೆ ಒಣಗಿಸಿ, ಬಣ್ಣ ಬಳಿದು, ನನ್ನ ತೋಟಕ್ಕೇ ನೇತುಹಾಕಿದ್ದರು. ನಾನು ನಿಂತು ಹೊಗಳಿದ್ದೆ. ನಾಯಿ ಕಚ್ಚಿದ್ರೂ ಏನೂ ಆಗಲ್ಲ.

"ಅಚಲಾ!" ಎಂದು ಕೂಗಿದೆ. ಅವಳು ಮರದ ಮೇಲಿದ್ದಳು, ಇನ್ನೆಲ್ಲಿ?

"ಅಜ್ಜಿಗೂ ದಿನಾ ಒಂದು ಹೋಳಿಗೆ ಒಯ್ದು ಕೊಡ್ತಿದ್ದೆ ಅತ್ತೆ" ಎಂದಳು, ದನಿ ಸಣ್ಣದಾಗಿತ್ತು. "ನಿನ್ನೆ ರಾತ್ರಿ ಅಜ್ಜಿ ತಿಂತಾ ಮಾತಾಡುವಾಗ ಮಂಚದ ಕೆಳಗೆ ಕೂತು ಗಂಟು ಹಾಕಿದೆ. ತೋಟದಲ್ಲಿ ಎಲ್ಲರ ಮಾತೂ ಇದೆ. ಬಾಗಿಲಲ್ಲಿರೋ ಅಜ್ಜಿ ಒಬ್ಬಳೇ ಇದಾಳಲ್ಲ, ಅದಕ್ಕೆ ಜೊತೆ ಇರ್ಲಿ ಅಂತ."

ನಾನು ಕೈಯಲ್ಲಿದ್ದ ಹೋಳಿಗೆಯನ್ನು ಕಚ್ಚಿದೆ. ಹೂರಣದ ರುಚಿ ನೋಡಿ ನೋಡಿ ಹೊಟ್ಟೆ ತುಂಬಿಸಿಕೊಳ್ಳುವವಳು ನಾನು, ಪೂರ್ತಿ ಹೋಳಿಗೆ ತಿಂದದ್ದು ಯಾವ ಕಾಲದಲ್ಲೋ. ಎಳೆದೆ. ಹೋಳಿಗೆಯೂ ಎಳೆಯಿತು. ಎಡಗಡೆಯ ಒಂದು ಹಲ್ಲು, ಮೊದಲೇ ಸಡಿಲವಿದ್ದದ್ದು, ಕದಲಿತು. ನಮ್ಮ ಮನೆಯವರ ಕಡೆ ತಿರುಗಿದೆ. ಅವರು ಕಣ್ಣು ಮಂಜಾದವರಂತೆ ಎತ್ತಲೋ ನೋಡುತ್ತಿದ್ದರು.

"ಇಷ್ಟು ವರ್ಷ ಧ್ಯಾನ ಮಾಡ್ತಿದ್ದದ್ದು ಇದೇನಾ?"

"ಹೂರಣ ಚೆನ್ನಾಗಿತ್ತಲ್ಲೇ" ಅಂದರು ಪುಣ್ಯಾತ್ಮರು.

ನನಗೆ ಸಿಟ್ಟು ಬಂತು, ನಾಚಿಕೆಯಾಯಿತು, ಎಲ್ಲಕ್ಕಿಂತ ಹೆಚ್ಚಾಗಿ ಆ "ಇನ್ನೊಂದು ಕೊಡು" ಎದೆಯೊಳಗೆ ಎಲ್ಲೋ ಹೋಗಿ ಕೂತಿತು. ಚಪ್ಪಲಿ ಅನ್ನುತ್ತ ಅನ್ನುತ್ತಲೇ ದಿನಾ ತಿಂದಿದ್ದಾಳೆ, ನನಗೆ ಗೊತ್ತಾಗದ ಹಾಗೆ. ಕರೆಯುವುದಿಲ್ಲ ಎಂದು ಹೆಣದ ಆಣೆ ಇಟ್ಟಿದ್ದೆನಲ್ಲ, ಕರೆಯಲಿಲ್ಲ. ಬೀದಿ ದಾಟಿ ಹೋಗಿ ಅವಳ ಬಾಗಿಲು ಬಡಿದೆ. ಬಡಿಯುವುದು ಕರೆದ ಹಾಗಲ್ಲ.

ಬಾಗಿಲು ತೆರೆಯಿತು. ಪಂಕಜಳ ತುಟಿಯಂಚಿನಲ್ಲಿ ಬೆಲ್ಲ ಅಂಟಿತ್ತು.

"ಬಂದು ಬಿಚ್ಚೇ ಅದನ್ನ" ಅಂದೆ.

"ಬಿಚ್ಚೋದು ಆಮೇಲೆ. ಎಣ್ಣೆ ಎಷ್ಟು ಹಾಕ್ತೀಯಾ ಕಣಕಕ್ಕೆ?"

"ಬೇಕಾದಷ್ಟು."

"ಬೇಕಾದಷ್ಟು! ನಿಮ್ಮಮ್ಮನ ಜಿಪುಣತನ ಎಲ್ಲಿ ಹೋಗತ್ತೆ. ಹಿಟ್ಟು ಎಣ್ಣೇಲಿ ಮುಳುಗಿ ನೆನೀಬೇಕು ಅಂತ ಬಡ್ಕೊಂಡಿದ್ದೆ, ಕೇಳಿದ್ಯಾ?"

"ನೀನು ಯಾವಾಗ ಹೇಳ್ದೆ? ನೀನು ಹೇಳಿದ್ದು ಬರೀ ಚಪ್ಪಲಿ."

ಅವಳು ಸೆರಗು ಸಿಕ್ಕಿಸಿಕೊಂಡು ನನ್ನನ್ನು ದಾಟಿ ಬೀದಿಗೆ ಇಳಿದಳು. ಜಗುಲಿ ಹತ್ತಿ, ಬುಟ್ಟಿಗಳನ್ನು ಒಂದು ಕಡೆಗೆ ಸರಿಸಿ, ಕೈತೊಳೆದು ಹೊಸದಾಗಿ ಹಿಟ್ಟು ಕಲಸಲು ಕೂತಳು. ನೆನೆಯಲು ಹೊತ್ತು ಬೇಕು, ಕಾಯುವವರು ಕಾಯಿರಿ ಎಂದು ಜನರಿಗೆ ಹೇಳಿದಳು, ಅಂಗಡಿ ಅವಳದೇ ಅನ್ನುವ ಹಾಗೆ. ಯಾರೂ ಕದಲಲಿಲ್ಲ. ಕಾಯುವವರ ಕೈಗೆ ನಾನು ಬರೀ ಹೂರಣದ ಉಂಡೆ ಕೊಟ್ಟೆ. ಆಮೇಲೆ ಅವಳು ತಟ್ಟಿದಳು, ನಾನು ಬೇಯಿಸಿದೆ. ಆ ಮಧ್ಯಾಹ್ನ ನನ್ನ ಜಗುಲಿಯಿಂದ ಹೋದ ಹೋಳಿಗೆ ಬಾಯಲ್ಲಿಟ್ಟರೆ ಕರಗುವಂಥದು. ಅಂಚೆ ಮಾಸ್ತರರು ಚೊಂಬಿನ ಹಾಲನ್ನು ಹಾಗೆಯೇ ಮನೆಗೆ ಒಯ್ದರು.

ಬುಟ್ಟಿ ಬರಿದಾಗಿ ಜನ ಚದುರಿದ ಮೇಲೆ ಪಂಕಜ ಸ್ಟೂಲು ಕೇಳಿದಳು. ಹತ್ತಿ ನಿಂತು, ಬಾಯಿಗೆ ನೀರು ತುಂಬಿಕೊಂಡು, ಉಗುರಿನಿಂದ ಆ ಹಳೆಯ ಗಂಟನ್ನು ಕಿತ್ತು ಕಿತ್ತು ಸಡಿಲ ಮಾಡಿದಳು. ಗಂಟು ಬಿಚ್ಚಿತು. ಕಪ್ಪು ದಾರ ನನ್ನ ಕೈಗೆ ಬಿತ್ತು. ಸಂಜೆಯ ಗಾಳಿ ಹೊಸ್ತಿಲಿಗೆ ಬಂದು ಹೋಯಿತು, ಬಾಗಿಲು ಏನೂ ಅನ್ನಲಿಲ್ಲ. ಇದಕ್ಕಾಗಿ ನಾನು ಎಷ್ಟು ದೇವರಿಗೆ ಹರಕೆ ಹೊತ್ತಿದ್ದೆ! ಈಗ ಇನ್ನೊಂದು ಗಾಳಿ ಬಂದರೆ ಏನಾದರೂ ಕೇಳೀತೇ ಎಂದು ಕಿವಿಗೊಟ್ಟು ನಿಂತೆ. ಇಷ್ಟು ವರ್ಷ ನನ್ನ ಮನೆಯಲ್ಲಿ ಪಂಕಜಳದ್ದು ಅಂತ ಇದ್ದದ್ದು ಅದೊಂದೇ ದನಿ.

ಒಳಗಿನಿಂದ ಹೊಸ ದಾರ, ಹಸಿ ಮಾವಿನೆಲೆಯ ತೋರಣ ತಂದು ಅವಳ ಕೈಗೆ ಕೊಟ್ಟೆ. ಅವಳು ನೀರಿನ ಚೊಂಬಿಗೆ ಕೈ ಚಾಚಿದಳು.

"ನೀರು ಬೇಡ" ಅಂದೆ. "ಏನಾದ್ರೂ ಹೇಳು."

"ಏನು ಹೇಳ್ಲಿ?"

"ಬಾಯಿಗೆ ಬಂದದ್ದು ಹೇಳು. ಅದೇನು ನಿನಗೆ ಹೊಸದಾ?"

ಅವಳು ಗಂಭೀರವಾಗಿ ಗಂಟಲು ಸರಿಮಾಡಿಕೊಂಡಳು. ಒಳ್ಳೆಯ ಮಾತೊಂದನ್ನು ಹುಡುಕುತ್ತಿದ್ದಾಳೆ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ಮಕ್ಕಳೆಲ್ಲ ಕೆಳಗೆ ಬಾಯ್ಬಿಟ್ಟುಕೊಂಡು ನಿಂತಿದ್ದವು. ಅವಳು ದಾರ ಸುತ್ತಿ, ಗಂಟು ಎಳೆಯಲು ತುದಿಗಾಲಲ್ಲಿ ನಿಂತಳು. ಸ್ಟೂಲು ಓಲಾಡಿತು. ಹುಡುಕಿದ ಮಾತು ಎಲ್ಲಿ ಹೋಯಿತೋ.

ಅಂಗಡಿ ಈಗ ಚೆನ್ನಾಗಿ ನಡೆಯುತ್ತಿದೆ. ಪಾರಿಜಾತದಲ್ಲಿ ಆ ಬಿಲ್ಲೆಗಳು ಮಳೆಗಾಲ ಕಳೆದರೂ ಹಾಗೇ ಇವೆ, ಅವನ್ನು ತೆಗೆಯಲು ಮಕ್ಕಳು ಕೇಳುವ ಹೋಳಿಗೆ ನನ್ನಿಂದ ಕೊಡಲಾಗುವುದಿಲ್ಲ. ಬೇರೆ ಊರಿನಿಂದ ಬಂದವರು ನನ್ನ ಹೊಸ್ತಿಲಲ್ಲಿ ನಿಂತಾಗ ಗಾಳಿ ಬೀಸಿದರೆ ಸಾಕು, ಬೆಚ್ಚಿಬಿದ್ದು ಎರಡೂ ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದುಕೊಳ್ಳುತ್ತಾರೆ. ತಲೆಯ ಮೇಲೆ ಒಬ್ಬ ಮುದುಕಿ ಕಿರುಚುತ್ತಾಳೆ: "ತುಂಗಾ, ಬೀಳ್ತೀನಿ ಕಣೇ, ಗಟ್ಟಿಯಾಗಿ ಹಿಡ್ಕೊಳ್ಳೇ!" ಅದರ ಬೆನ್ನಿಗೇ ಇನ್ನೊಬ್ಬಳು ರೇಗುತ್ತಾಳೆ: "ಹಿಡ್ಕೊಂಡೇ ಇದೀನಲ್ಲೇ."